ಮಳೆ, ಗಿರ್ಮಿಟ್ ಮತ್ತು ಸಿಐಡಿ 999

ನಿನ್ನೆ ಸಂಜೆ ಹುಬ್ಬಳ್ಳಿಯಲ್ಲಿ ಮಳೆ ಹಿಡಿದುಬಿಟ್ಟಿತ್ತು. ಅವ್ವ ಗಿರ್ಮಿಟ್ ಕಲಸಿಕೊಟ್ಟಳು. ನಾನು, ಕಾಕಾ ಕೂತು 'ಜೇಡರ ಬಲೆ' ನೋಡಿದೆವು. 1968ರ ಕಪ್ಪು ಬಿಳುಪು ಸಿನಿಮಾ, ದೊರೆ-ಭಗವಾನ್ ಜೋಡಿಯದು.

ಕಥೆ ಇಷ್ಟೇ. ಲೋಹವನ್ನು ಬಂಗಾರ ಮಾಡುವ ಸೂತ್ರ, ಅದರ ಹಿಂದೆ ಬಿದ್ದ ಕಳ್ಳರು. ಆದರೆ ಪತ್ತೇದಾರ ಸಿಐಡಿ 999 ಆಗಿ ಅಣ್ಣಾವ್ರ, ಅಂದರೆ ರಾಜ್‌ಕುಮಾರ್ ಅವರ, ಗತ್ತು ನೋಡಬೇಕು! ಪುರಾಣದ ಪಾತ್ರಗಳಲ್ಲಿ ಕಿರೀಟ ಹೊತ್ತು ನಿಂತವರು, ಇಲ್ಲಿ ಸೂಟು ಹಾಕಿ ಪಿಸ್ತೂಲು ಹಿಡಿದಿದ್ದಾರೆ. ಎರಡೂ ಅವರದೇ ಅನ್ನಿಸುತ್ತದೆ, ಅಲ್ವಾ?

ಫೈಟಿಂಗ್ ಬಂದಾಗ ಕಾಕಾನ ಕೈ ಬಾಯಿಯ ಹತ್ತಿರ ಬಂದು ಹಾಗೇ ನಿಂತಿತು. ಬೊಗಸೆಯಲ್ಲಿದ್ದ ಚುರಮುರಿ ಮೆತ್ತಗಾಗಿತ್ತು. "ಲೇ ತಮ್ಮಾ, ಆ ಟೈ ಕಟ್ಟಿದ ಚಂದ ನೋಡು. ಹಂಗ ಕಟ್ಟಾಕ ನಾವು ಕನ್ನಡಿ ಮುಂದ ತಾಸುಗಟ್ಟಲೆ ನಿಂತಿದ್ದೆವು" ಎಂದ.

ಆ ಕಾಲದ ಪತ್ತೇದಾರಿ ಸಿನಿಮಾಗಳೇ ಹಾಗೆ. ಖಳನ ಅಡ್ಡೆಯಲ್ಲಿ ಮಿಣಮಿಣ ಬಲ್ಬು, ಗುಪ್ತ ಬಾಗಿಲು, ಜೋರು ಬ್ಯಾಂಡಿನ ಸಂಗೀತ. ಗ್ರಾಫಿಕ್ಸ್ ಇಲ್ಲ. ಎಲ್ಲವನ್ನೂ ಬಡಗಿ, ಲೈಟಿನವರು, ದರ್ಜಿ ಕೈಯಾರೆ ಮಾಡಿದ್ದು. ಅದಕ್ಕೇ ಇರಬೇಕು, ಅಷ್ಟೊಂದು ಆಪ್ತ ಅನ್ನಿಸೋದು. ಗೋಡೆ ರಟ್ಟಿನದು ಅಂತ ಗೊತ್ತಾದರೂ ಎದೆ ಡವಡವ ಅಂತದೆ.

ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಸಿನಿಮಾದಲ್ಲಿ 999 ಗೋವಾಕ್ಕೂ ಹೋದ. ಹತ್ತು ವರ್ಷ ಬಿಟ್ಟು, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಬಣ್ಣದಲ್ಲಿ ಬಂದ.

ಮಳೆ ನಿಂತಿರಲಿಲ್ಲ. "ಗೋವಾದ್ದೂ ಹಚ್ಚು" ಎಂದ ಕಾಕಾ. ಹಚ್ಚಿದೆ.