ಫೋನಲ್ಲಿ ಫುಲ್ ಸಿಗ್ನಲ್ ಇದೆ, ಆದ್ರೂ ಹಿಂದಿನ ಕಟ್ಟಡದಲ್ಲಿ ನೆಟ್ ಓಡಲ್ಲ

ಮನೆ ಒಂದು ಕಡೆ, ಅದರ ಹಿಂದೆಯೋ ಪಕ್ಕದಲ್ಲೋ ಇನ್ನೊಂದು ಚಿಕ್ಕ ಕಟ್ಟಡ, ಅಲ್ಲಿಗೂ ವೈಫೈ ಬೇಕು ಅಂತ ಕರೀತಾರೆ. ಮನೆಗಳಿಗೆ ನೆಟ್‌ವರ್ಕ್ ಹಾಕಿಕೊಡೋದು ನನ್ನ ಕೆಲಸ, ಇಂಥ ಕರೆ ನಮಗೆ ಹೊಸದಲ್ಲ. ಕೇಳೋಕೆ ಅರ್ಧ ದಿನದ ಕೆಲಸ ಅನ್ಸುತ್ತೆ, ಆದ್ರೆ ನಾನು ಈ ಫೀಲ್ಡಿಗೆ ಬಂದ ಶುರುವಿನಲ್ಲಿ ಒಂದ್ಸಲ ಮುಗಿಸಿ ಬಂದು ಮತ್ತೆ ಮತ್ತೆ ಹೋಗಿ ಸರಿ ಮಾಡಬೇಕಾಗಿ ಬಂದಿದ್ದೆಲ್ಲ ಹೆಚ್ಚುಕಮ್ಮಿ ಇದೇ ಥರದ ಕೆಲಸಗಳು. ಈಗ ನಮ್ಮ ಜೊತೆ ಹೊಸದಾಗಿ ಸೇರಿರೋ ಹುಡುಗರು ಅದೇ ತಪ್ಪುಗಳನ್ನ ಮಾಡ್ತಿದ್ದಾರೆ, ಅದಕ್ಕೇ ಕೂತು ಬರೀತಿದ್ದೀನಿ.

ಮೊದಲನೇ ಮನೆ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ರೂಟರ್ ದೊಡ್ಡ ಮನೆಯ ಹಾಲ್‌ನಲ್ಲಿ, ಹಿಂದಿನ ಕಟ್ಟಡ ಸುಮಾರು ನಲವತ್ತು ಮೀಟರ್ ದೂರ, ಮಧ್ಯೆ ಎರಡು ಗೋಡೆ. ಮನೆಯವರು ಆ ಹಿಂದಿನ ರೂಮಲ್ಲೇ ಕೂತು ಆಫೀಸ್ ಕೆಲಸ ಮಾಡೋರು, ದಿನಕ್ಕೆ ನಾಲ್ಕೈದು ವಿಡಿಯೋ ಕಾಲ್. ನಾನು ಅವರ ಟೇಬಲ್ ಪಕ್ಕದಲ್ಲೇ ರೂಟರ್ ಸಿಗ್ನಲ್ ಹಿಡಿದು ಮತ್ತೆ ಮುಂದಕ್ಕೆ ಕಳಿಸೋ ಒಂದು ರಿಪೀಟರ್ ಚುಚ್ಚಿದೆ, ಫೋನಲ್ಲಿ ಸಿಗ್ನಲ್ ಫುಲ್ ಬಂತು, ಒಂದ್ಸಲ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದೆ, ಪರವಾಗಿಲ್ಲ ಅನ್ನೋ ಹಾಗೆ ಬಂತು, ಹೊರಟೆ. ಸಾಯಂಕಾಲವೇ ಫೋನು. "ಸಿಗ್ನಲ್ ಫುಲ್ ತೋರಿಸ್ತಿದೆ, ಆದ್ರೆ ನನ್ನ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳ್ತಿದೆಯಂತೆ, ಏನ್ ನೋಡಿ." ಮತ್ತೆ ಹೋದೆ, ರಿಪೀಟರನ್ನ ಆ ಗೋಡೆಯಿಂದ ಈ ಗೋಡೆಗೆ ಬದಲಾಯಿಸಿದೆ, ಚಾನಲ್ ಬದಲಾಯಿಸಿದೆ, ಎರಡು ದಿನ ಸುಮ್ಮನಿತ್ತು, ಮತ್ತೆ ಅದೇ ಕಥೆ.

ಮೂರನೇ ಸಲ ನಮ್ಮ ಸೀನಿಯರ್ ಜೊತೆಗೆ ಬಂದ್ರು. ಅವರು ಫೋನನ್ನ ಮುಟ್ಟಲೇ ಇಲ್ಲ. ಲ್ಯಾಪ್‌ಟಾಪ್ ತೆಗೆದು ರಿಪೀಟರ್‌ನ ಸೆಟ್ಟಿಂಗ್ ಪೇಜಿಗೆ ಹೋಗಿ, ರೂಟರ್‌ನಿಂದ ರಿಪೀಟರ್‌ಗೆ ಎಷ್ಟು ಸಿಗ್ನಲ್ ಬರ್ತಿದೆ ಅಂತ ನೋಡಿದ್ರು. ಮೈನಸ್ 81 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ). "ಫೋನಲ್ಲಿ ಕಾಣೋದು ಫೋನಿಗೂ ರಿಪೀಟರ್‌ಗೂ ಮಧ್ಯೆ ಇರೋದು ಕಣೋ, ರಿಪೀಟರ್‌ಗೂ ರೂಟರ್‌ಗೂ ಮಧ್ಯೆ ಇರೋದನ್ನ ಯಾರು ನೋಡ್ಬೇಕು?" ಅಂದ್ರು. ಆ ಮಾತು ಇವತ್ತಿಗೂ ಪ್ರತಿ ಮನೆಗೆ ಹೋದಾಗ ನನ್ನ ಕಿವಿಯಲ್ಲಿರುತ್ತೆ.

ಈ ಡಿಬಿಎಂ ಲೆಕ್ಕ ಗೊತ್ತಿಲ್ಲದೇ ಈ ಕೆಲಸಕ್ಕೆ ಕೈ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಮೈನಸ್ಸಲ್ಲಿ ಇರುತ್ತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 3 ಕಮ್ಮಿ ಆದ್ರೆ ಬರೋ ಶಕ್ತಿ ಅರ್ಧ ಆಯ್ತು, 10 ಕಮ್ಮಿ ಆದ್ರೆ ಹತ್ತರಲ್ಲಿ ಒಂದು ಪಾಲು. ಅಂದ್ರೆ ಮೈನಸ್ 61 ಬರೋ ಜಾಗಕ್ಕೂ ಮೈನಸ್ 81 ಬರೋ ಜಾಗಕ್ಕೂ ನೂರು ಪಟ್ಟು ವ್ಯತ್ಯಾಸ. ವಿಡಿಯೋ ಕಾಲ್ ನಿಲ್ಲದೇ ಓಡಬೇಕು ಅಂದ್ರೆ ಮೈನಸ್ 67 ಆದ್ರೂ ಬೇಕು ಅಂತ ನಾವು ಇಟ್ಕೊಂಡಿದ್ದೀವಿ. ಮೈನಸ್ 80ರ ಆಸುಪಾಸಲ್ಲಿ ಕನೆಕ್ಟ್ ಅಂತೂ ಆಗಿರುತ್ತೆ, ಮೆಸೇಜ್ ಹೋಗುತ್ತೆ, ಒಂದೊಂದ್ಸಲ ಸ್ಪೀಡ್ ಟೆಸ್ಟ್ ಕೂಡ ಸುಮಾರಾಗಿ ಬರುತ್ತೆ, ಯಾರಾದ್ರೂ ಬಾಗಿಲು ಹಾಕಿದ್ರೆ ಸಾಕು ಕಾಲ್ ನಿಂತುಹೋಗುತ್ತೆ.

ಇದರ ಜೊತೆಗೆ ಇನ್ನೊಂದು. ಒಂದೇ ರೇಡಿಯೋ ಇರೋ ರಿಪೀಟರ್ ಕೇಳೋದೂ ಹೇಳೋದೂ ಒಂದೇ ಚಾನಲ್‌ನಲ್ಲಿ. ಒಬ್ಬನೇ ಆಳು ಆ ಕಡೆ ತಿರುಗಿ ಇಟ್ಟಿಗೆ ಇಸ್ಕೊಂಡು, ಈ ಕಡೆ ತಿರುಗಿ ಕೊಡ್ಬೇಕು, ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ. ಹಂಗಾಗಿ ಲಿಂಕ್ ಎಷ್ಟೇ ಚೆನ್ನಾಗಿದ್ರೂ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತೆ, ಲಿಂಕೇ ಸೊರಗಿದ್ರೆ ಅದರಲ್ಲಿ ಅರ್ಧ. ಕಟ್ಟಡಗಳು ಹತ್ತಿರ ಇದ್ದು, ದೊಡ್ಡ ಮನೆಯ ಹಿಂದಿನ ಕಿಟಕಿ ಹತ್ತಿರ, ಅಂದ್ರೆ ರೂಟರ್ ಮಾತು ಇನ್ನೂ ಸ್ಪಷ್ಟವಾಗಿ ಕೇಳಿಸೋ ಜಾಗದಲ್ಲಿ ರಿಪೀಟರ್ ಇಟ್ರೆ ಕೆಲಸ ನಡೆಯುತ್ತೆ, ನಾನು ಬೇಡ ಅನ್ನಲ್ಲ. ಆದ್ರೆ ಜನ ಇಡೋದು ಸಿಗ್ನಲ್ ಇಲ್ಲದ ಕಡೆ, ನಾನೂ ಇಟ್ಟಿದ್ದು ಅಲ್ಲೇ.

"ಇದಕ್ಕಿಂತ ಪವರ್ ಜಾಸ್ತಿ ಇರೋ ರೂಟರ್ ಹಾಕಿಬಿಡಿ" ಅಂತ ಕೇಳೋರು ತುಂಬ ಜನ. ರೂಟರ್ ಜೋರಾಗಿ ಕೂಗಿದ್ರೆ ಫೋನಿಗೆ ಕೇಳಿಸುತ್ತೆ, ನಿಜ, ಆದ್ರೆ ಫೋನು ವಾಪಸ್ ಮಾತಾಡಬೇಕಲ್ವಾ, ಅದರ ಆಂಟೆನಾ ಚಿಕ್ಕದು, ಬ್ಯಾಟರಿ ಚಿಕ್ಕದು, ಅದರ ದನಿ ಅಷ್ಟು ದೂರ ಬರಲ್ಲ. ಹಂಗಾಗಿ ಅವರ ಮಾತು ಇವರಿಗೆ ಕೇಳುತ್ತೆ, ಇವರ ಮಾತು ಅವರಿಗೆ ತುಂಡಾಗುತ್ತೆ. ಆ ಮನೆಯವರು ಹೇಳಿದ ಕಂಪ್ಲೇಂಟಲ್ಲೇ ಅರ್ಧ ಉತ್ತರ ಇತ್ತು.

ಅಲ್ಲಿಂದ ನಾನು ಪ್ರಶ್ನೆಯನ್ನ ಎರಡಾಗಿ ಒಡೆದು ನೋಡೋಕೆ ಶುರು ಮಾಡಿದೆ. ಒಂದು, ಆ ಕಟ್ಟಡದಿಂದ ಈ ಕಟ್ಟಡಕ್ಕೆ ನೆಟ್ ಬರೋ ದಾರಿ ಯಾವುದು. ಎರಡು, ಬಂದ ಮೇಲೆ ಒಳಗೆ ಹಂಚೋದು ಹೆಂಗೆ. ಎರಡನೇದು ಸುಲಭ, ಕೇಬಲಲ್ಲಿ ಬಂದ ನೆಟ್ಟನ್ನ ವೈಫೈ ಮಾಡಿ ಹಂಚೋ ಒಂದು ಆಕ್ಸೆಸ್ ಪಾಯಿಂಟ್ ಸಾಕು. ತಲೆ ಕೆಡಿಸ್ಕೋಬೇಕಾಗಿರೋದು ಮೊದಲನೇದಕ್ಕೆ.

ದಾರಿ ಅಂದ್ರೆ ಮೊದಲು ಕೇಬಲ್. ಈಥರ್ನೆಟ್ ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ, ಅಷ್ಟರೊಳಗೆ ಕ್ಯಾಟ್ 5ಇ ದರ್ಜೆಯ ಕೇಬಲ್ ಆದ್ರೂ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಓಡುತ್ತೆ. ಹೊರಗಡೆ ಎಳೆಯೋದಾದ್ರೆ ಬಿಸಿಲು ತಡೆಯೋ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ಲೇ ಬೇಕು, ಒಳಗಿನ ಬೂದು ಕೇಬಲ್ ಬಿಸಿಲಿಗೆ ಬಿರುಕು ಬಿಟ್ಟು ನೀರು ಕುಡಿಯುತ್ತೆ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಲೇಪಿಸಿರೋ ಕೇಬಲ್ ಅಂತೂ ಮುಟ್ಟಲೇಬೇಡಿ, ಅದರಲ್ಲಿ ಕರೆಂಟೂ ಕಳಿಸ್ತೀವಿ ಅಂದ್ರೆ ಇನ್ನೂ ಬೇಡ.

ನಾನು ಎರಡನೇ ದೊಡ್ಡ ಪಾಠ ಕಲಿತಿದ್ದು ಈ ತಾಮ್ರದಿಂದಲೇ. ಇನ್ನೊಂದು ಮನೆಯಲ್ಲಿ ಅರವತ್ತು ಮೀಟರ್, ನೆಲದಡಿ ಪೈಪ್ ಹಾಕಿ, ಒಳ್ಳೆ ಕೇಬಲ್ ಎಳೆದು, ನೀಟಾಗಿ ಮುಗಿಸಿದ್ದೆ, ತಿಂಗಳುಗಟ್ಟಲೆ ಒಂದು ಕಂಪ್ಲೇಂಟಿಲ್ಲ. ಒಂದು ರಾತ್ರಿ ಹತ್ತಿರದಲ್ಲೆಲ್ಲೋ ಸಿಡಿಲು ಬಡೀತು, ಮನೆಗಲ್ಲ, ಕೇಬಲ್‌ಗೂ ಅಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಈ ಕಡೆ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಸಿಕ್ಕಿಸೋ ಡಬ್ಬಿ) ಸತ್ತಿದೆ, ಆ ಕಡೆ ಆಕ್ಸೆಸ್ ಪಾಯಿಂಟ್ ಸತ್ತಿದೆ, ಸ್ವಿಚ್‌ಗೆ ಸಿಕ್ಕಿಸಿದ್ದ ಟಿವಿ ಪೋರ್ಟೂ ಹೋಗಿದೆ. ನೆಲದೊಳಗಿರೋ ಕೇಬಲ್‌ಗೆ ಸಿಡಿಲು ಹೆಂಗೆ ತಾಗುತ್ತೆ ಅಂತ ನನಗೆ ಆಗ ಅರ್ಥವೇ ಆಗಲಿಲ್ಲ, ಹೊಸ ಸ್ವಿಚ್ ಹಾಕಿ ಬಂದೆ, ಆಮೇಲೆ ಇನ್ನೊಂದು ಸಿಡಿಲಿಗೆ ಅದೂ ಹೋಯ್ತು.

ಆಗೋದು ಏನಂದ್ರೆ, ಎರಡು ಕಟ್ಟಡಕ್ಕೂ ಬೇರೆ ಬೇರೆ ಅರ್ಥಿಂಗ್ ಇರುತ್ತೆ. ಸಿಡಿಲು ಹತ್ತಿರ ನೆಲಕ್ಕಿಳಿದಾಗ ಆ ಒಂದು ಕ್ಷಣ ಈ ಕಟ್ಟಡದ ನೆಲಕ್ಕೂ ಆ ಕಟ್ಟಡದ ನೆಲಕ್ಕೂ ವೋಲ್ಟೇಜ್‌ನಲ್ಲಿ ಭಾರೀ ವ್ಯತ್ಯಾಸ ಬರುತ್ತೆ, ಎರಡನ್ನೂ ಜೋಡಿಸಿರೋ ತಾಮ್ರ ಸಿಕ್ತು ಅಂದ್ರೆ ಕರೆಂಟ್ ಅದರ ಮೇಲೇ ಓಡುತ್ತೆ, ದಾರಿಯಲ್ಲಿ ಸಿಕ್ಕ ಪೋರ್ಟನ್ನೆಲ್ಲ ಸುಟ್ಟು ಹೋಗುತ್ತೆ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ ಸರಿಯಾಗಿ ಅರ್ಥ್ ಮಾಡಿದ್ರೆ ಅಪಾಯ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಆವತ್ತಿಂದ ಎರಡು ಕಟ್ಟಡದ ಮಧ್ಯೆ ನೆಲ ಅಗೆಯೋಕೆ ಅವಕಾಶ ಇದ್ರೆ ನಾನು ಹಾಕೋದು ಫೈಬರ್ ಮಾತ್ರ, ಅಂದ್ರೆ ಬೆಳಕಲ್ಲಿ ಡೇಟಾ ಕಳಿಸೋ ಗಾಜಿನ ಎಳೆಯ ಕೇಬಲ್. ಗಾಜಿನಲ್ಲಿ ಕರೆಂಟ್ ಹರಿಯಲ್ಲ, ಅಷ್ಟೇ ವಿಷಯ.

ಫೈಬರ್ ಅಂದ್ರೆ ಜನ ಹೆದರ್ತಾರೆ, ಅಷ್ಟು ಹೆದರೋ ಕೆಲಸ ಅಲ್ಲ. ಎರಡೂ ತುದಿಗೆ ಕನೆಕ್ಟರ್ ಕೂರಿಸಿಯೇ ಬರೋ ಸಿಂಗಲ್ ಮೋಡ್ ಕೇಬಲ್ ಬೇಕಾದ ಉದ್ದಕ್ಕೆ ಸಿಗುತ್ತೆ, ಎರಡು ಕಡೆಗೂ ಒಂದೊಂದು ಮೀಡಿಯಾ ಕನ್ವರ್ಟರ್, ಅಂದ್ರೆ ಫೈಬರ್‌ನ ಬೆಳಕನ್ನ ಈಥರ್ನೆಟ್‌ಗೂ ಈಥರ್ನೆಟ್ಟನ್ನ ಬೆಳಕಿಗೂ ಬದಲಾಯಿಸೋ ಡಬ್ಬಿ. ಆದ್ರೆ ಒಂದಿಷ್ಟು ಕಡೆ ಹುಷಾರಾಗಿರಬೇಕು. ಒಂದೇ ಎಳೆಯಲ್ಲಿ ಹೋಗಿಬರೋ ಕನ್ವರ್ಟರ್‌ಗಳು ಜೋಡಿಯಾಗಿ ಬರ್ತವೆ, ಒಂದು 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕಲ್ಲಿ ಕಳಿಸಿದ್ರೆ ಇನ್ನೊಂದು 1550ರಲ್ಲಿ, ಡಬ್ಬಿ ಮೇಲೆ ಎ, ಬಿ ಅಂತ ಇರುತ್ತೆ, ಎರಡೂ ಕಡೆ ಎ ಹಾಕಿದ್ರೆ ಲಿಂಕ್ ಲೈಟೇ ಬರಲ್ಲ. ನಮ್ಮ ಹುಡುಗ ಒಬ್ಬ ಹಿಂಗೇ ಹಾಕಿ ಕೇಬಲ್ಲೇ ಹೋಗಿದೆ ಅಂತ ಪೈಪಿಂದ ವಾಪಸ್ ಎಳೆಯೋಕೆ ಹೊರಟಿದ್ದ. ಎಳೆಯುವಾಗ ಕನೆಕ್ಟರ್ ಹಿಡಿದು ಜಗ್ಗಬಾರದು, ಮೂಲೆಯಲ್ಲಿ ಚೂಪಾಗಿ ಮಡಚಬಾರದು, ಬೆಳಕು ಓಡ್ತಿರೋ ಫೈಬರ್ ತುದಿಯನ್ನ ಕಣ್ಣಿಗೆ ಹಿಡಿದು ನೋಡಬಾರದು, ಆ ಬೆಳಕು ಕಣ್ಣಿಗೆ ಕಾಣಲ್ಲ ಆದ್ರೆ ಹಾನಿ ಮಾಡಬಹುದು. ಮತ್ತೆ ಕೆಲವು ಔಟ್‌ಡೋರ್ ಫೈಬರ್ ಕೇಬಲ್‌ಗಳಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತೆ, ಸಿಡಿಲಿಗೆ ಹೆದರಿ ಫೈಬರ್ ಹಾಕಿ ಆ ಉಕ್ಕಿನ ತಂತಿಯನ್ನ ಎರಡೂ ಕಟ್ಟಡದೊಳಗೆ ತಂದ್ರೆ ಏನು ಬಂತು? ಲೋಹ ಇಲ್ಲದ ಕೇಬಲ್ ಅಂತ ಕೇಳಿ ತಗೋಬೇಕು.

ಫೈಬರ್‌ನಲ್ಲಿ ಕರೆಂಟ್ ಹೋಗಲ್ಲ ಅನ್ನೋದರ ಇನ್ನೊಂದು ಮುಖ ಅಂದ್ರೆ ಹಿಂದಿನ ಕಟ್ಟಡದಲ್ಲಿ ಕರೆಂಟ್ ಹೋದ್ರೆ ಕನ್ವರ್ಟರೂ ಆಕ್ಸೆಸ್ ಪಾಯಿಂಟೂ ಎರಡೂ ಆಫ್. ಅಲ್ಲೂ ಒಂದು ಚಿಕ್ಕ ಯುಪಿಎಸ್ ಬೇಕು, ಇದನ್ನ ಮೊದಲೇ ಮನೆಯವರಿಗೆ ಹೇಳಿ.

ಅಗೆಯೋಕೆ ಆಗಲ್ಲ ಅಂದಾಗ ಒಂದೇ ದಿಕ್ಕಿಗೆ ಸಿಗ್ನಲ್ ಕಳಿಸೋ ಎರಡು ಆಂಟೆನಾ ಎದುರುಬದುರು ಇಟ್ಟು ವೈರ್‌ಲೆಸ್ ಬ್ರಿಡ್ಜ್ ಮಾಡ್ತೀವಿ, ಸರಿಯಾಗಿ ಇಟ್ರೆ ತುಂಬಾ ಒಳ್ಳೆ ಕೆಲಸ ಮಾಡುತ್ತೆ. ಕಣ್ಣಿಗೆ ಆ ಕಡೆ ಆಂಟೆನಾ ಕಂಡ್ರೆ ಸಾಕು ಅಂತ ನಾನು ಅಂದ್ಕೊಂಡಿದ್ದೆ, ಸಾಲದು. ರೇಡಿಯೋ ಅಲೆ ದಾರದ ಹಾಗೆ ಹೋಗಲ್ಲ, ಮಧ್ಯದಲ್ಲಿ ಉಬ್ಬಿಕೊಂಡು ಹೋಗುತ್ತೆ. 5 ಗಿಗಾಹರ್ಟ್ಝ್‌ನಲ್ಲಿ 100 ಮೀಟರ್ ದೂರ ಇದ್ರೆ ನಡುಮಧ್ಯದಲ್ಲಿ ಎರಡು ಆಂಟೆನಾ ಮಧ್ಯದ ನೇರ ಗೆರೆಯ ಸುತ್ತ ಎಲ್ಲ ಕಡೆಗೂ ಸುಮಾರು 1.2 ಮೀಟರ್ ಜಾಗ ತಗೊಳ್ಳುತ್ತೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇರಲೇಬೇಕು. ಒಂದು ಕಡೆ ಮರ ಎಲೆ ಉದುರಿಸಿದ್ದಾಗ ಬ್ರಿಡ್ಜ್ ಹಾಕಿ ಬಂದೆ, ಚಿಗುರಿದ ಮೇಲೆ ಲಿಂಕ್ ದಿನದಿನಕ್ಕೂ ಇಳಿದು, ಮಳೆ ಬಂದಾಗ ಪೂರ್ತಿ ಬಿತ್ತು. ಮಳೆ ತೊಂದರೆ ಕೊಟ್ಟಿದ್ದಲ್ಲ, ಅಷ್ಟು ದೂರಕ್ಕೆ 5 ಗಿಗಾಹರ್ಟ್ಝ್‌ಗೆ ಮಳೆ ಲೆಕ್ಕಕ್ಕಿಲ್ಲ, ಒದ್ದೆ ಎಲೆ ತೊಂದರೆ ಕೊಟ್ಟಿದ್ದು. ಎಲೆಯೊಳಗಿನ ನೀರು, ಎಲೆ ಮೇಲಿನ ನೀರು, ಎರಡೂ ಸಿಗ್ನಲ್ ಹೀರ್ಕೊಳ್ಳುತ್ತೆ. ಕಂಬ ಎರಡು ಮೀಟರ್ ಎತ್ತರಿಸಿದ ಮೇಲೆ ಸರಿಹೋಯ್ತು. ಇನ್ನು 5 ಗಿಗಾಹರ್ಟ್ಝ್‌ನ ಕೆಲವು ಚಾನಲ್‌ಗಳನ್ನ ರೇಡಾರ್‌ಗಳೂ ಬಳಸ್ತವೆ, ರೇಡಾರ್ ಕೇಳಿಸ್ತು ಅಂದ್ರೆ ಯಂತ್ರ ಆ ಚಾನಲ್ ಬಿಟ್ಟು ಹೋಗಲೇಬೇಕು, ಅಂಥದ್ದೇ ಇನ್ನೊಂದು ಚಾನಲ್‌ಗೆ ಹೋದ್ರೆ ಮಾತಾಡೋ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸ್ಕೋಬೇಕು. ಆಗೊಮ್ಮೆ ಈಗೊಮ್ಮೆ ಸರಿಯಾಗಿ ಒಂದು ನಿಮಿಷ ನೆಟ್ ಹೋಗಿ ಬರ್ತಿದೆ ಅಂದ್ರೆ ಮೊದಲು ಚಾನಲ್ ಯಾವುದು ಅಂತ ನೋಡಿ.

ಕರೆಂಟ್ ವೈರಿನಲ್ಲೇ ನೆಟ್ ಕಳಿಸೋ ಅಡಾಪ್ಟರ್ ಬಗ್ಗೆ ಕೇಳ್ತಾರೆ. ಎರಡು ಕಟ್ಟಡಕ್ಕೂ ಬೇರೆ ಮೀಟರ್ ಇದ್ರೆ ಅದನ್ನ ನಂಬಬೇಡಿ.

ಒಳಗೆ ಹಂಚೋ ಕೆಲಸದಲ್ಲಿ ಎಡವೋದು ಒಂದೇ ಕಡೆ. ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ ಆಗಿ ಹಾಕುವಾಗ ಅದರ ಡಿಎಚ್‌ಸಿಪಿ (ಫೋನುಗಳಿಗೆ ನೆಟ್‌ವರ್ಕ್ ವಿಳಾಸ ಹಂಚೋ ಸೆಟ್ಟಿಂಗ್) ಆಫ್ ಮಾಡಬೇಕು, ಅದರ ಸ್ವಂತ ಐಪಿ ವಿಳಾಸ ಬದಲಾಯಿಸಬೇಕು, ಬಂದ ಕೇಬಲನ್ನ ಲ್ಯಾನ್ ಪೋರ್ಟಿಗೆ ಹಾಕಬೇಕು. ಡಿಎಚ್‌ಸಿಪಿ ಆಫ್ ಮಾಡದೇ ಬಂದ್ರೆ ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚ್ತಿರ್ತಾರೆ, ದೊಡ್ಡ ಮನೆಯ ಫೋನಿಗೂ ತಪ್ಪು ದಾರಿ ಸಿಕ್ಕಿ ಅಲ್ಲಿವರೆಗೆ ಚೆನ್ನಾಗಿದ್ದ ನೆಟ್ಟೂ ನಿಂತುಹೋಗುತ್ತೆ, ಅದೂ ತಕ್ಷಣ ಅಲ್ಲ, ನಾವು ಹೋದಮೇಲೆ ಒಂದೊಂದೇ ಫೋನಿಗೆ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, 2.4 ಗಿಗಾಹರ್ಟ್ಝ್‌ನಲ್ಲಿ ಚಾನಲ್ ಮಾತ್ರ 1, 6, 11ರಲ್ಲಿ ಬೇರೆ ಬೇರೆ ಇರಲಿ.

ಮೊದಲನೇ ಮನೆಗೆ ಕೊನೆಗೆ ಫೈಬರ್ರೇ ಹಾಕಿದ್ವಿ. ಈ ಸಲ ಇಂಟರ್ನೆಟ್ ಸ್ಪೀಡ್ ಟೆಸ್ಟ್ ನಂಬಿಕೊಂಡು ಹೊರಡಲಿಲ್ಲ. ಎರಡು ಲ್ಯಾಪ್‌ಟಾಪ್ ಎರಡು ತುದಿಗೆ ಇಟ್ಟು ಐಪರ್ಫ್ ಅನ್ನೋ ಲಿಂಕ್ ವೇಗ ಅಳೆಯೋ ಸಾಫ್ಟ್‌ವೇರ್ ಓಡಿಸಿ ಹೋಗೋದು ಬರೋದು ಎರಡನ್ನೂ ಅಳೆದೆ, 940 ಎಂಬಿಪಿಎಸ್ ಹತ್ತಿರ ಬಂತು, ಗಿಗಾಬಿಟ್ ಲಿಂಕ್‌ನಲ್ಲಿ ಅದಕ್ಕಿಂತ ಹೆಚ್ಚು ಬರಲ್ಲ. ಆಮೇಲೆ ಮನೆಯವರು ನಿಜವಾದ ಒಂದು ಕಾಲ್‌ನಲ್ಲಿ ಅರ್ಧ ಗಂಟೆ ಮಾತಾಡೋವರೆಗೂ ಪಕ್ಕದಲ್ಲೇ ರೂಟರ್‌ಗೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡೋ ಚಿಕ್ಕ ಸಂದೇಶ) ಹಾಕಿಕೊಂಡು ಕೂತಿದ್ದೆ, ಒಂದೂ ಬಿಟ್ಟುಹೋಗಲಿಲ್ಲ. ಪೈಪಿನೊಳಗೆ ಫೈಬರ್ ಜೊತೆ ಒಂದು ಗಟ್ಟಿ ನೈಲಾನ್ ದಾರವನ್ನೂ ಬಿಟ್ಟಿದ್ದೀವಿ, ಮುಂದೆ ಇನ್ನೊಂದು ಕೇಬಲ್ ಬೇಕಾದ್ರೆ ಅದರಲ್ಲೇ ಎಳೆಯಬಹುದು. ಗುಂಡಿ ಮುಚ್ಚೋ ಮುಂಚೆ ಪೈಪ್ ಎಲ್ಲಿ ತಿರುಗುತ್ತೆ, ಗೋಡೆಯಿಂದ ಎಷ್ಟು ದೂರ ಇದೆ ಅಂತ ಟೇಪ್ ಹಿಡಿದೇ ಫೋಟೋ ತೆಗೆದು ಮನೆಯವರಿಗೆ ಕಳಿಸಿದೆ, ಯಾಕಂದ್ರೆ ಆ ಜಾಗದಲ್ಲಿ ಮುಂದೆ ಗುದ್ದಲಿ ಹಾಕೋದು ನಾನಾಗಿರಲ್ಲ.