ಟಿಕೆಟ್ ಇತ್ತು, ಆದ್ರೂ ದಂಡ ಕಟ್ಟಿದೆ

ಎರಡು ವಾರದ ಹಿಂದೆ ಟ್ರೈನಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದೆ. ಟಿಕೆಟ್ ತಗೊಂಡಿದ್ದೆ ಕೂಡ. ಎರಡೂ ನಿಜ.

ಅದು ಗೇಟಿಲ್ಲದ ಟ್ರೈನು. ಯಾರು ಬೇಕಾದರೂ ಹತ್ತಬಹುದು, ಇಳಿಯಬಹುದು. ತಡೆಯೋಕೆ ಯಾರೂ ಇರೋದಿಲ್ಲ. ನಾನು ಒಂದು ವಾರದ ಪಾಸ್ ತಗೊಂಡಿದ್ದೆ. ಮಷೀನಿನಿಂದ ಬರುವ ತೆಳು ಕಾಗದದ ಚೀಟಿ. ಮುದುಡಬಾರದು ಅಂತ ಮೆತ್ತನೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬ್ಯಾಗಿನಲ್ಲಿಟ್ಟೆ. ಆಮೇಲೆ ಅದನ್ನು ತೆಗೆದೇ ನೋಡಲಿಲ್ಲ.

ಐದನೇ ದಿನ ಚೆಕಿಂಗ್‌ನವರು ಹತ್ತಿದರು. ಅವರು ಹತ್ತುವ ರೀತಿಯೇ ಬೇರೆ. ಒಬ್ಬರು ಮುಂದಿನ ಬಾಗಿಲಿನಿಂದ, ಇನ್ನೊಬ್ಬರು ಹಿಂದಿನಿಂದ. ಬಾಗಿಲು ಮುಚ್ಚುವ ತನಕ ಸುಮ್ನೆ ಪ್ರಯಾಣಿಕರ ಥರ ನಿಂತಿರುತ್ತಾರೆ. ಆಮೇಲೆ "ಟಿಕೆಟ್ ತೋರ್ಸಿ". ಅಷ್ಟು ಹೇಳಿದ್ದೇ ತಡ, ಬೋಗಿ ತುಂಬಾ ಜೇಬು, ಪರ್ಸು ತಡಕಾಡುವ ಸದ್ದು. ಎದುರು ಸೀಟಿನ ಹುಡುಗನೊಬ್ಬ ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದ. ಓಹೋ, ಇವನು ಗಿರಾಕಿ ಅಂದುಕೊಂಡೆ.

ಅವನನ್ನು ತಟ್ಟಿ ಎಬ್ಬಿಸಿದರು. ಮೊಬೈಲ್ ತೆಗೆದು ಟಿಕೆಟ್ ತೋರಿಸಿ ಮತ್ತೆ ಮಲಗಿದ. ಪಾಪ, ನಿಜವಾಗಿಯೂ ನಿದ್ದೆ ಬಂದಿತ್ತು.

ನನ್ನ ಸರದಿ. ಕವರ್ ಸಮೇತ ಕೊಟ್ಟೆ. ಇನ್ಸ್‌ಪೆಕ್ಟರ್ ಮೇಡಂ ಚೀಟಿಯನ್ನು ಹೊರಗೆಳೆದರು, ತಿರುಗಿಸಿದರು, ಕಿಟಕಿ ಬೆಳಕಿಗೆ ಹಿಡಿದರು. ಬರೀ ಬಿಳಿ. ಒಂದು ಮೂಲೆಯಲ್ಲಿ ಬೂದು ಗೀಟು ನಾಲ್ಕೈದು. 7 ಇದ್ದಂತಿತ್ತು, 1 ಕೂಡ ಇರಬಹುದು.

"ಯಾವ ತಾರೀಕಿಂದು ಇದು?"

"ಸೋಮವಾರ ತಗೊಂಡಿದ್ದು ಮೇಡಂ. ನಿನ್ನೆ ಚೆನ್ನಾಗೇ ಕಾಣ್ತಿತ್ತು." ಎರಡನೇ ಮಾತು ಸುಳ್ಳು. ಯಾಕೆ ಹೇಳಿದೆನೋ ಗೊತ್ತಿಲ್ಲ.

"ನೀವು ದುಡ್ಡು ಕೊಟ್ಟಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಕೊಟ್ಟಿದ್ದೀರಿ ಅಂತ ಈ ಕಾಗದ ಹೇಳಬೇಕಲ್ವಾ?"

ಜಗಳ ಆಡೋಣ ಅನ್ನಿಸಿತು. ಆದರೆ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಸಿನ ಮೇಲೆ ಹೆಸರಿದ್ದಿದ್ದರೆ ಆಮೇಲೆ ಆಫೀಸಿಗೆ ಹೋಗಿ ದಾಖಲೆ ತೋರಿಸಿ, ಸಣ್ಣ ಶುಲ್ಕ ಕಟ್ಟಿ ಮುಗಿಸಬಹುದಿತ್ತಂತೆ. ಹೆಸರಿಲ್ಲದ ಪಾಸ್ ಯಾರ ಕೈಯಲ್ಲಿದ್ದರೆ ಅವರದು. ಇವತ್ತು ನನ್ನದು, ನಾಳೆ ಪಕ್ಕದ ಮನೆಯವರದು. ಅದಕ್ಕೇ ಆ ಸೌಲಭ್ಯ ಇಲ್ಲ. ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ಆ ಹುಡುಗನನ್ನು ನೋಡಿದ್ದೆನಲ್ಲ, ಥೇಟ್ ಹಾಗೇ. ಪಾಸಿನ ಆರು ಪಟ್ಟು ದಂಡ ಕಟ್ಟಿದೆ.

ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಇಂಥ ಕಾಗದಕ್ಕೆ ಇಂಕೇ ಇರೋದಿಲ್ಲ. ಮೇಲೊಂದು ಲೇಪ ಇರುತ್ತದೆ, ಬಿಸಿ ತಾಗಿದ ಕಡೆ ಅದು ಕಪ್ಪಾಗುತ್ತದೆ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥದ್ದೇನೋ ಸೇರಿಸುತ್ತಾರೆ. ಅದು ತಾಗಿದರೆ ಆ ಕಪ್ಪು ಅಳಿಸಿಹೋಗುತ್ತದೆ. ಜೋಪಾನ ಮಾಡಿದ್ದೇ ತಪ್ಪಾಗಿತ್ತು! ಜೇಬಿನಲ್ಲಿ ಮುದುಡಿ ಬಿದ್ದಿದ್ದರೆ ಬಚಾವಾಗುತ್ತಿದ್ದೆನೋ ಏನೋ.

ದಂಡ ಇಷ್ಟು ಜಾಸ್ತಿ ಯಾಕೆ ಅನ್ನೋದಕ್ಕೂ ಲೆಕ್ಕ ಇದೆ. ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1968ರಲ್ಲಿ ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಹೀಗೇ ಲೆಕ್ಕ ಹಾಕಿದ್ದರು. ನಲವತ್ತು ಸಲ ಓಡಾಡಿದರೆ ಒಂದು ಸಲ ಚೆಕಿಂಗ್ ಆಗುತ್ತದೆ ಅಂತಿಟ್ಟುಕೊಳ್ಳಿ. ದಂಡ ನಲವತ್ತು ಟಿಕೆಟ್ಟಿನ ದುಡ್ಡಿಗಿಂತ ಕಡಿಮೆ ಇದ್ದರೆ, ಲೆಕ್ಕ ಬಲ್ಲವನು ಟಿಕೆಟ್ ತಗೊಳ್ಳೋದೇ ಇಲ್ಲ. ಗೇಟು ಹಾಕಿಸಿ, ಅದರ ಹತ್ತಿರ ಜನರನ್ನು ನಿಲ್ಲಿಸುವ ಖರ್ಚಿಗಿಂತ ಇದು ಅಗ್ಗ. ನಾನು ಈ ಲೆಕ್ಕ ಒಪ್ಪುತ್ತೇನೆ. ಆದರೆ ಅದರಲ್ಲಿ ಕಳ್ಳ, ಮರೆಗುಳಿ, ಅಕ್ಷರ ಅಳಿಸಿಹೋದ ನನ್ನಂಥವನು ಎಲ್ಲರೂ ಒಂದೇ.

ನನಗಾದರೆ ಕಟ್ಟೋಕೆ ದುಡ್ಡಿತ್ತು. ಜರ್ಮನಿಯಲ್ಲಿ 2015ರಿಂದ ಈ ದಂಡ 60 ಯೂರೋ. ಅಲ್ಲಿ ಟಿಕೆಟ್ ಇಲ್ಲದೆ ಓಡಾಡೋದು ಅಪರಾಧವೂ ಹೌದು. ಕೇಸು ಕೋರ್ಟಿಗೆ ಹೋಗಿ, ಕೋರ್ಟು ಹಾಕಿದ ದಂಡ ಕಟ್ಟಲಾಗದೆ ಜೈಲಿಗೆ ಹೋದವರಿದ್ದಾರೆ. ಲಕ್ಸೆಂಬರ್ಗ್ 2020ರಲ್ಲಿ ಬಸ್ಸು, ಟ್ರಾಮು, ಟ್ರೈನು ಎಲ್ಲವನ್ನೂ ಉಚಿತ ಮಾಡಿತು. ಟ್ರೈನಿನ ಫಸ್ಟ್ ಕ್ಲಾಸ್ ಒಂದಕ್ಕೆ ಮಾತ್ರ ಈಗಲೂ ಟಿಕೆಟ್ ಬೇಕು.

ಆದ್ರೂ ಸುಮ್ಮನಿರಲು ಮನಸ್ಸು ಬರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸೋಮವಾರ ದುಡ್ಡು ಕಟ್ಟಾಗಿದ್ದು ಇದೆಯಲ್ಲ, ಅದನ್ನು ಹಚ್ಚಿ ಒಂದು ಮನವಿ ಕಳಿಸೋಣ ಅಂತ ಇವತ್ತು ಫಾರ್ಮ್ ತೆರೆದೆ. ಮೊದಲನೇ ಪ್ರಶ್ನೆಯೇ ದಂಡದ ರಸೀದಿ ಸಂಖ್ಯೆ. ರಸೀದಿಯೂ ಅದೇ ಥರದ ಚೀಟಿ. ಎಲ್ಲಿಟ್ಟಿದ್ದೆ ಅಂತ ಬ್ಯಾಗ್ ತಡಕಿದೆ.

ಅಭ್ಯಾಸಬಲ. ಅದೇ ಕವರಿನಲ್ಲಿತ್ತು. ಒಂಬತ್ತು ಅಂಕಿಯಲ್ಲಿ ಮೊದಲಿನ ನಾಲ್ಕು ಕಾಣುತ್ತಿವೆ.