ಚಿಕ್ಕಪ್ಪನ ಸೊಪ್ಪಿನ ಸೈಕಲ್ಲಿಗೆ ಮೋಟರ್ ಹಾಕಿದ್ದು

ನಮ್ಮ ಚಿಕ್ಕಪ್ಪ ಸೊಪ್ಪು ಮಾರುತ್ತಾರೆ. ನಮ್ಮೂರು ಟೇಕಲ್ ರಸ್ತೆ ಕಡೆ, ಕೋಲಾರಕ್ಕೆ 9 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಕಟ್ಟುಗಳನ್ನು ಕ್ಯಾರಿಯರ್ ಮೇಲೆ ಪೇರಿಸಿ, ಒದ್ದೆ ಗೋಣಿ ಹೊದಿಸಿ, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಹೊರಡುತ್ತಾರೆ. ಸೊಪ್ಪು ತಾನೇ, ಹಗುರ ಅಂದುಕೊಳ್ಳಬೇಡಿ. ನೀರು ಕುಡಿದ ಸೊಪ್ಪು 50 ಕೆಜಿ ತೂಗುತ್ತದೆ.

ಎರಡು ವರ್ಷದಿಂದ ಅವರಿಗೆ ಮಂಡಿನೋವು. ದಾರಿಯಲ್ಲಿ ಎರಡು ಏರು ಬರುತ್ತವೆ. ಅಲ್ಲಿ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದರು. ಮೊಪೆಡ್ ತಗೊಳ್ಳಿ ಅಂದರೆ ಒಪ್ಪಲಿಲ್ಲ. "ಈ ವಯಸ್ಸಲ್ಲಿ ಲೈಸೆನ್ಸು ಎಲ್ಲಿ ಮಾಡಿಸ್ಲಿ? ಪೆಟ್ರೋಲು ನೂರು ದಾಟೈತೆ. ನನ್ನ ದಂಟಿನ ಕಟ್ಟು ಹತ್ತು ರೂಪಾಯಿ ಕಣಮ್ಮ" ಅಂದರು. ಆ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಇರೋ ಸೈಕಲ್ಲಿಗೇ ಮೋಟರ್ ಕೂರಿಸುವ ಕಿಟ್ ಸಿಗುತ್ತದೆ ಅಂತ ಗೊತ್ತಿತ್ತು. ಮೋಟರ್ 250 ವ್ಯಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಕಿಟ್ಟಿಗೆ 9,500, ಲಿಥಿಯಂ ಬ್ಯಾಟರಿಗೆ 11,000 ಕೊಟ್ಟು ತರಿಸಿದೆ. ಬ್ಯಾಟರಿ ಬೇರೆ ಕೊಳ್ಳಬೇಕು, ಅದೇ ಜಾಸ್ತಿ ದುಡ್ಡು. ಕಿಟ್ ಬೆಲೆ ಮಾತ್ರ ನೋಡಿ ಹೊರಡಬೇಡಿ.

ಒಂದು ಭಾನುವಾರ ಸೈಕಲ್ಲು, ಡಬ್ಬ ಎರಡನ್ನೂ ಕ್ಲಾಕ್ ಟವರ್ ಹತ್ತಿರದ ಸೈಕಲ್ ಶಾಪಿಗೆ ಒಯ್ದೆವು. ಶಾಪಿನ ಭಾಯ್ ಮೋಟರನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಮಾತು: "ಇದಕ್ಕೆ ತೂತು ಎಷ್ಟು?"

ಮೋಟರ್ ಕೂರುವುದು ಚಕ್ರದ ನಟ್ಟನಡುವೆ, ಕಡ್ಡಿ ಸಿಕ್ಕಿಸುವ ತೂತುಗಳು ಅದರ ಅಂಚಿನಲ್ಲೇ ಇರುತ್ತವೆ. ಎಣಿಸಿದೆ. 36. ಚಿಕ್ಕಪ್ಪನದು ಹಳೇ ಕಾಲದ ದೊಡ್ಡ ಸೈಕಲ್. ಅದರ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಎರಡಕ್ಕೂ ಹೊಂದುವುದಿಲ್ಲ! ನಮ್ಮ ಹಳ್ಳಿಗಳಲ್ಲಿ ಹಾಲು, ಸೊಪ್ಪು, ಹುಲ್ಲು ಹೊರುವ ಸೈಕಲ್ಲುಗಳೆಲ್ಲ ಇಂಥವೇ ಅಲ್ವಾ? ಕಿಟ್ ಮಾಡುವವರು ಇವುಗಳನ್ನು ನೋಡೇ ಇಲ್ಲವೇನೋ ಅನ್ನಿಸಿತು.

ಭಾಯ್ ಮುಂದಿನ ಚಕ್ರಕ್ಕೆ 36 ತೂತಿನ ಹೊಸ ರಿಮ್ ತೆಗೆದರು. ಮೋಟರಿನ ಹೊಟ್ಟೆ ದಪ್ಪ, ಹಾಗಾಗಿ ಕಡ್ಡಿ ಗಿಡ್ಡ ಬೇಕು. ಒಂದೊಂದೇ ಕತ್ತರಿಸಿ, ತುದಿಗೆ ತಿರುಪಿನ ಗೆರೆ ಹಾಕಿ ಹೆಣೆದರು. ಚಕ್ರದ ಬೆಂಡ್ ತೆಗೆಯಲು ಒಂದು ಗಂಟೆ. ಹಳೇ ಸರಳಿನ ಬ್ರೇಕು ರಿಮ್ಮಿನ ಒಳಬದಿಗೆ ಒತ್ತುವಂಥದ್ದು, ಹೊಸ ರಿಮ್ಮಿಗೆ ಅದು ಕೂರಲಿಲ್ಲ. ಮುಂದಕ್ಕೆ ಕೇಬಲ್ ಬ್ರೇಕ್ ಬಂತು. ಮೋಟರಿನ ಅಚ್ಚು ದಪ್ಪ, ಮುಂದಿನ ಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕು, ಅದರ ಬಾಯಿ ಸಣ್ಣದು. ಅರ ಹಾಕಿ ಉಜ್ಜಿ ಬಾಯಿ ಅಗಲ ಮಾಡಿದರು. ವೈರಿಂಗ್ ನಾನೇ ಮಾಡಿದೆ. ಸಂಜೆ ಚಕ್ರ ಎತ್ತಿ ಹಿಡಿದು ಆಕ್ಸಿಲರೇಟರ್ ತಿರುವಿದಾಗ ಸದ್ದೇ ಇಲ್ಲದೆ ತಿರುಗಿತು. ಚಿಕ್ಕಪ್ಪ ಸುಮ್ನೆ ನೋಡುತ್ತಾ ನಿಂತರು.

ಮಾರನೇ ದಿನ ಬೆಳಗ್ಗೆ ಆರಕ್ಕೆ ಫೋನ್ ಬಂತು. "ಗಾಡಿ ನಿಂತೋಯ್ತಮ್ಮ."

ಮೊದಲನೇ ಏರಿನ ಬುಡದಲ್ಲಿ ಎದುರಿಗೆ ಲಾರಿ ಬಂತಂತೆ. ಇವರು ನಿಲ್ಲಿಸಿ, ಅದು ಹೋದ ಮೇಲೆ ನಿಂತಲ್ಲಿಂದಲೇ ಪೂರ್ತಿ ಆಕ್ಸಿಲರೇಟರ್ ಕೊಟ್ಟಿದ್ದಾರೆ. ಟಕ್ ಅಂತ ಸದ್ದಾಗಿ ಚಕ್ರ ಓರೆಯಾಯಿತಂತೆ. ಕಾಲೂರಿ ನಿಂತಿದ್ದರಿಂದ ಬೀಳಲಿಲ್ಲ. ಆ ಮಂಡಿಯಲ್ಲೇ ಸೈಕಲ್ಲನ್ನು ಕೋಲಾರದವರೆಗೆ ತಳ್ಳಿಕೊಂಡು ಹೋಗಿ, ಬಾಡಿದ ಸೊಪ್ಪನ್ನು ಅರ್ಧ ಬೆಲೆಗೆ ಕೊಟ್ಟು ಬಂದರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಬಿಚ್ಚಿ ನೋಡಿದೆ. ಅಚ್ಚು ಫೋರ್ಕಿನ ಬಾಯಲ್ಲಿ ತಾನೇ ಸುತ್ತಿಕೊಂಡು, ವೈರುಗಳನ್ನು ತಿರುಚಿ ಕತ್ತರಿಸಿತ್ತು. ಮಾಮೂಲಿ ಸೈಕಲ್ಲಿನಲ್ಲಿ ಮುಂದಿನ ಅಚ್ಚಿಗೆ ಭಾರ ಹೊರುವುದು ಬಿಟ್ಟು ಬೇರೆ ಕೆಲಸವೇನೂ ಇಲ್ಲ. ಅದರ ಸುತ್ತ ಚಕ್ರ ಸುಮ್ಮನೆ ತಿರುಗುತ್ತದೆ, ನಟ್ಟು ಅದನ್ನು ಜಾರದಂತೆ ಹಿಡಿಯುತ್ತದೆ, ಅಷ್ಟೆ. ಮೋಟರ್ ಕೂತಾಗ ಅಚ್ಚು ಬೇರೆಯೇ ಕೆಲಸ ಮಾಡಬೇಕು. ಮೋಟರ್ ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಿರುಗಿಸುತ್ತದೋ ಅಷ್ಟೇ ಬಲದಿಂದ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ನಿಂತಲ್ಲಿಂದ, ಭಾರ ಹೊತ್ತು, ಏರಿನಲ್ಲಿ ಎಳೆಯುವಾಗ ಆ ತಿರುಚು ಅತಿ ಜೋರು. ಅದನ್ನು ತಡೆಯುವುದಕ್ಕೆ ಟಾರ್ಕ್ ಆರ್ಮ್ ಅಂತ ಒಂದು ಕಬ್ಬಿಣದ ಪಟ್ಟಿ ಹಾಕಬೇಕು. ನಮ್ಮ ಡಬ್ಬದಲ್ಲಿ ಎರಡು ವಾಷರ್ ಬಿಟ್ಟು ಬೇರೇನೂ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. ಫಿಟ್ಟಿಂಗ್ ನಮಗೆ ಸೇರಿದ್ದಲ್ಲ ಅಂದರು. ಅಂಗೈ ಉದ್ದದ ಒಂದು ಪಟ್ಟಿ! ಅದನ್ನು ಡಬ್ಬದೊಳಗೆ ಹಾಕದೆ ಕಳಿಸುವುದು ತಪ್ಪು. ವಾಹನಗಳ ಮಧ್ಯೆ ಆ ಚಕ್ರ ಕಳಚಿದ್ದರೆ ಏನು ಗತಿ?

ವೆಲ್ಡಿಂಗ್ ಅಂಗಡಿಯವರು 150 ರೂಪಾಯಿಗೆ ಎರಡು ಪಟ್ಟಿ ಮಾಡಿಕೊಟ್ಟರು. ಅಚ್ಚಿನ ಚಪ್ಪಟೆ ಭಾಗಕ್ಕೆ ಕೂದಲೆಳೆಯಷ್ಟೂ ಸಡಿಲ ಇಲ್ಲದ ಹಾಗೆ ತೂತು ಕೊರೆದು, ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಕ್ಲಾಂಪ್ ಹಾಕಿ ಬಿಗಿದರು. ಎಡಕ್ಕೊಂದು, ಬಲಕ್ಕೊಂದು. ಕತ್ತರಿಸಿದ ವೈರುಗಳನ್ನು ನಾನು ಬೆಸುಗೆ ಹಾಕಿದೆ. ದಪ್ಪನೆಯವು ಮೂರು, ಹಳದಿ, ಹಸಿರು, ನೀಲಿ. ಸಣ್ಣವು ಐದು. ದಪ್ಪ ವೈರಿನಲ್ಲಿ ಎರಡು ಅದಲು ಬದಲಾಗಿ ಮೋಟರ್ ಗರಗರ ಅಂತ ನಡುಗಿತು. ಬಿಚ್ಚಿ ಸರಿ ಮಾಡಿದೆ.

ಇನ್ನೊಂದು ಸಂಗತಿ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ನಾನು ಬ್ಯಾಟರಿಯನ್ನು ಕ್ಯಾರಿಯರ್ ಕೆಳಗೆ ಕಟ್ಟಿದ್ದೆ. ಚಿಕ್ಕಪ್ಪ ದಾರಿಯುದ್ದಕ್ಕೂ ಸೊಪ್ಪಿಗೆ ನೀರು ಚಿಮುಕಿಸುತ್ತಾರೆ. ಆ ನೀರೆಲ್ಲ ಸೋರಿ ಇಳಿಯುವುದು ನೇರ ಬ್ಯಾಟರಿ ಮೇಲೆ. ಅವತ್ತೇ ಅದನ್ನು ಸೀಟಿನ ಮುಂದಿನ ಬಾರಿನ ಕೆಳಗೆ, ರೆಕ್ಸಿನ್ ಚೀಲದಲ್ಲಿ ಇಳಿಬಿಟ್ಟೆ. ಮೋಟರಿಗೆ ಕರೆಂಟನ್ನು ಹದ ಮಾಡಿ ಕೊಡುವ ಕಂಟ್ರೋಲರ್ ಡಬ್ಬಿಯನ್ನೂ ನೀರು ಒಳಗೆ ಇಳಿಯದಂತೆ ವೈರ್ ಕೆಳಮುಖ ಇರುವ ಹಾಗೆ ತಿರುಗಿಸಿದೆ.

ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ಲೆಕ್ಕ ಹಾಕಿದರೆ 360 ವ್ಯಾಟ್ ಅವರ್. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಅರ್ಧ ಯೂನಿಟ್ ಕರೆಂಟೂ ಆಗುವುದಿಲ್ಲ. ಹೋಗಿ ಬರಲು 18 ಕಿಲೋಮೀಟರ್, ಬೀದಿ ಸುತ್ತಾಟ ಬೇರೆ. ಪೆಡಲ್ ತುಳಿಯುತ್ತಾ ಏರಿನಲ್ಲಿ ಮಾತ್ರ ಮೋಟರಿನ ಸಹಾಯ ತಗೊಂಡರೆ ಮನೆ ಸೇರುವಾಗಲೂ ಬ್ಯಾಟರಿಯಲ್ಲಿ ಮಿಕ್ಕಿರುತ್ತದೆ. "ಮೊದಲು ಎರಡು ಸುತ್ತು ತುಳೀರಿ, ಸೈಕಲ್ ಮುಂದೆ ಹೋದ ಮೇಲೆ ಆಕ್ಸಿಲರೇಟರ್ ಕೊಡಿ ಚಿಕ್ಕಪ್ಪ" ಅಂತ ಹೇಳಿದೆ. ಅದನ್ನು ಅವರು ಈಗ ತಪ್ಪಿಸುವುದಿಲ್ಲ. ಪ್ರತಿ ಭಾನುವಾರ ಸ್ಪ್ಯಾನರ್ ಹಿಡಿದು ಆ ನಟ್ಟುಗಳನ್ನು ಮುಟ್ಟಿ ನೋಡುತ್ತಾರೆ.

ಎಂಟು ತಿಂಗಳಾಯಿತು. ಮಂಡಿನೋವು ಹೋಗಿಲ್ಲ, ಆದರೆ ಏರಿನಲ್ಲಿ ಇಳಿಯುವುದಿಲ್ಲ. ಬಿಸಿಲೇರುವ ಮುಂಚೆ ಮಾರಿ ಮುಗಿಸಿ, ಚಿಕ್ಕಮ್ಮನ ಜೊತೆ ಕೂತು ಮುದ್ದೆ ಉಣ್ಣುತ್ತಾರೆ. ಮೊನ್ನೆ ಪಕ್ಕದ ಊರಿನ ಹಾಲಿನವರು ತಮ್ಮ ಸೈಕಲ್ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ನಾನು ಒಳಗಿಂದ ಬರುವಷ್ಟರಲ್ಲಿ ಚಿಕ್ಕಪ್ಪ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆರಳಿಟ್ಟು ಕಡ್ಡಿ ಎಣಿಸುತ್ತಿದ್ದರು.